ಯುಗಾದಿಗೆ ಊರು ತುಂಬುತ್ತದೆ, ಹೊನ್ನಾರಿಗೆ ಎತ್ತು ಎಲ್ಲಿಂದ ತರೋದು?

ಹೊಲದಮನೆ, ನಾಗಮಂಗಲ · ಏಪ್ರಿಲ್ 2, 2025

ಈ ಸಲ ಯುಗಾದಿ ಭಾನುವಾರ ಬಂತು. ಸೋಮವಾರ ರಂಜಾನ್ ರಜೆ. ಶನಿವಾರ ಕಂಪನಿಗಳಿಗೆ ಹೇಗೂ ರಜೆ. ಬೆಂಗಳೂರು, ಮೈಸೂರಿನಲ್ಲಿರುವ ನಮ್ಮೂರಿನವರೆಲ್ಲ ಶುಕ್ರವಾರ ರಾತ್ರಿಯೇ ಬಂದಿಳಿದರು. ಬೀಗ ಬಿದ್ದಿದ್ದ ಮನೆಗಳೆಲ್ಲ ತೆರೆದವು. ಅರಳಿಕಟ್ಟೆ ಸುತ್ತ ಕಾರು ನಿಲ್ಲಿಸಲು ಜಾಗ ಇರಲಿಲ್ಲ. ಅಷ್ಟು ಜನ ಒಟ್ಟಿಗೆ ಸೇರಿದ್ದು ನೋಡಿ ತುಂಬಾ ಖುಷಿಯಾಯಿತು. ಆದರೆ ಭಾನುವಾರ ಬೆಳಿಗ್ಗೆ ಹೊನ್ನಾರು ಕಟ್ಟುವ ಹೊತ್ತಿಗೆ ದೇವಸ್ಥಾನದ ಮುಂದೆ ನಿಂತಿದ್ದು ನಾಲ್ಕೇ ಜೊತೆ ಎತ್ತು. ನಾನು ಚಿಕ್ಕವಳಿದ್ದಾಗ ಸಾಲು ಕೆರೆ ಏರಿವರೆಗೂ ಹೋಗುತ್ತಿತ್ತು. ಈಗಿರುವ ನಾಲ್ಕರಲ್ಲೂ ಒಂದು ಜೊತೆಗೆ ವಯಸ್ಸಾಗಿದೆ. ಮುಂದಿನ ಯುಗಾದಿಗೆ ಅವು ನೊಗ ಹೊರುವುದು ಕಷ್ಟ. ಈ ಚರ್ಚೆ ಶುರು ಮಾಡಿದ್ದು ಅದಕ್ಕೇ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಮಂಡ್ಯ, ಮೈಸೂರು, ಹಾಸನ, ಚಾಮರಾಜನಗರದ ಕಡೆ ಯುಗಾದಿ ದಿನ ವರ್ಷದ ಮೊದಲ ಉಳುಮೆ ಮಾಡುತ್ತೇವೆ. ಅದೇ ಹೊನ್ನಾರು, ಕೆಲವು ಕಡೆ ಹೊನ್ನೇರು ಅಂತಾರೆ. ಈ ವರ್ಷ ಯಾರ ಹೆಸರಿನವರ ಎತ್ತು ಮುಂದೆ ಹೋಗಬೇಕು, ಯಾವ ಬಣ್ಣದ್ದು, ಯಾವ ದಿಕ್ಕಿಗೆ, ಎಲ್ಲ ಪಂಚಾಂಗ ನೋಡಿ ಹೇಳುತ್ತಾರೆ. ಆ ಜೊತೆ ಮುಂದೆ, ಮಿಕ್ಕವು ಹಿಂದೆ. ದಾರಿಯಲ್ಲಿ ಪ್ರತಿ ಮನೆಯವರೂ ಎತ್ತಿನ ಕಾಲಿಗೆ ನೀರು ಹಾಕಿ, ಆರತಿ ಎತ್ತಿ, ಆರು, ಅಂದರೆ ನೇಗಿಲು ಹಿಡಿದವರಿಗೆ ಪಾನಕ ಕೊಡುತ್ತಾರೆ. ಹೊಲದಲ್ಲಿ ನಾಲ್ಕಾರು ಸಾಲು ಉತ್ತು ವಾಪಸ್ ಬಂದರೆ ಆ ವರ್ಷದ ಬೇಸಾಯ ಶುರು ಅಂತ ಲೆಕ್ಕ.

ಶನಿವಾರ ಅಮಾವಾಸ್ಯೆ. ಮನೆಗೆ ಸುಣ್ಣ ಬಳಿಯುವುದು, ಕೊಟ್ಟಿಗೆ ತೊಳೆಯುವುದು, ಎತ್ತುಗಳನ್ನು ಕೆರೆಗೆ ಹೊಡೆದುಕೊಂಡು ಹೋಗಿ ಮೈ ಉಜ್ಜುವುದು, ಇವೇ ಕೆಲಸ. ಅಮ್ಮ ಮತ್ತು ಚಿಕ್ಕಮ್ಮ ಬೇಳೆ ಬೇಯಿಸಿ ಬಸಿಯುವಾಗ ಕಟ್ಟನ್ನು ಸಾರಿಗೆ ಎತ್ತಿಟ್ಟರು. ಬೆಂಗಳೂರಿನ ಸೊಸೆಯಂದಿರು ಕಣಕ ನಾದಿದರು. ಹೂರಣ ರುಬ್ಬಲು ಮಿಕ್ಸಿ ಇದ್ದರೂ ಅಮ್ಮ ಒರಳನ್ನೇ ತೊಳೆಸಿದರು. ಮಿಕ್ಸಿಯಲ್ಲಿ ಹೂರಣ ಬಿಸಿಯಾಗಿ ನೀರು ಬಿಡುತ್ತದೆ, ಒಬ್ಬಟ್ಟು ತಟ್ಟುವಾಗ ಹರಿಯುತ್ತದೆ ಅಂತ ಅವರ ಮಾತು. ಅದು ನಿಜ, ತಿಂದು ನೋಡಿದವರಿಗೆ ಗೊತ್ತಾಗುತ್ತದೆ.

ಭಾನುವಾರ ಎಣ್ಣೆ ನೀರು, ಬೇವು ಬೆಲ್ಲ ಆದಮೇಲೆ ದೊಡ್ಡಪ್ಪ ಆರು ಕಟ್ಟಲು ಕೂತರು. ತಮ್ಮನ ಮಗ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ. ದೊಡ್ಡಪ್ಪ ನೊಗದ ನಡುವೆ ಮಿಣಿ (ಚರ್ಮದ ಹಗ್ಗ) ಸುತ್ತಿ ಈಸಿಗೆ (ನೇಗಿಲಿನ ಉದ್ದನೆಯ ಮರ) ಬಿಗಿದರು. ಎದ್ದು ನಿಂತು ನೋಡಿದರು. ಮತ್ತೆ ಬಿಚ್ಚಿ, ನೊಗವನ್ನು ಎರಡು ಬೆರಳಿನಷ್ಟು ಹಿಂದಕ್ಕೆ ತಂದು ಬಿಗಿದರು. "ಯಾಕೆ ತಾತ?" ಅಂದ ಹುಡುಗ. "ನೆಲ ಒಣಗೈತೆ ಕಣಪ್ಪ. ನೊಗ ಮುಂದಕ್ಕೆ ಕಟ್ಟುದ್ರೆ ಗುಳ ಆಳಕ್ಕೆ ಇಳೀತದೆ, ಎತ್ತು ಎಳೀನಾರವು. ಹಿಂದಕ್ಕೆ ಕಟ್ಟುದ್ರೆ ಮೇಲ್ಮೇಲೆ ಹೋಯ್ತದೆ. ಮಳೆ ಬೀಳ್ಲಿ, ಆಗ ಮುಂದಕ್ಕೆ ಕಟ್ಟನ." ಗುಳ ಅಂದರೆ ನೇಗಿಲ ತುದಿಯ ಕಬ್ಬಿಣ. ಇದನ್ನು ಯಾವ ಸ್ಕೂಲಲ್ಲಿ ಹೇಳಿಕೊಡುತ್ತಾರೆ ಹೇಳಿ? ಅವನು ಆಮೇಲೆ ನಾಲ್ಕೂ ಆರಿನ ಹತ್ತಿರ ಹೋಗಿ ಯಾರು ಎಷ್ಟು ಹಿಂದಕ್ಕೆ ಕಟ್ಟಿದ್ದಾರೆ ಅಂತ ನೋಡಿ ಬಂದ.

ಸಂಜೆ ಚಂದ್ರ ದರ್ಶನ. ಈ ಸಲ ಯುಗಾದಿ ಸಂಜೆಯೇ ಚಂದ್ರ ಕಂಡ. ನಾವು ನೋಡಿ ಕೈ ಮುಗಿದ ಚಂದ್ರನನ್ನೇ ನೋಡಿ ಪಕ್ಕದೂರಿನ ಮುಸ್ಲಿಮರು ಮರುದಿನ ರಂಜಾನ್ ಮಾಡಿದರು. ನಮ್ಮ ದೊಡ್ಡವರು ಯಾವ ಕಡೆ ಕೋಡು ಮೇಲಿದೆ ಅಂತ ನೋಡಿ ಮಳೆ, ಧಾನ್ಯದ ಬೆಲೆ ಮಾತಾಡುತ್ತಿದ್ದರು. ಚಿಕ್ಕವರು ದೊಡ್ಡವರ ಕಾಲಿಗೆ ಬೀಳುತ್ತಿದ್ದರು.

ಸೋಮವಾರ ಹೊಸತೊಡಕು, ಯುಗಾದಿ ಮರುದಿನದ ಬಾಡೂಟ. ಆದರೆ ಸೋಮವಾರ ನಮ್ಮ ಮನೆದೇವರು ಭೈರವೇಶ್ವರನ ವಾರ, ಬಾಡು ಮಾಡುವ ಹಾಗಿಲ್ಲ. ಊರಲ್ಲಿ ಅರ್ಧ ಜನ ಮಂಗಳವಾರಕ್ಕೆ ಹಾಕಿಕೊಂಡರು. ಪಟ್ಟಣದವರು ಬಹಳಷ್ಟು ಜನ ಸೋಮವಾರ ಮಧ್ಯಾಹ್ನವೇ ಹೊರಟರು.

ನನ್ನ ಮಾತು ಇಷ್ಟೇ. ಮೂರು ದಿನಕ್ಕೆ ಬರುವ ನಾವೆಲ್ಲ ಹೊನ್ನಾರಿನ ಫೋಟೊ ತೆಗೆಯುತ್ತೇವೆ. ಆ ಎತ್ತಿಗೆ ಮಿಕ್ಕ ದಿನವೆಲ್ಲ ಹುಲ್ಲು ಹಾಕುವವರು ನಾಲ್ಕು ಮನೆಯವರು. ಹಬ್ಬ ಊರಿನದು, ಖರ್ಚು ನಾಲ್ಕು ಮನೆಯದು. ಇದು ಸರಿಯಲ್ಲ. ಎತ್ತಿನ ಮೇವನ್ನು ಊರೆಲ್ಲ ಹಂಚಿಕೊಳ್ಳಬೇಕು, ಹೊರಗಿರುವ ನಾವು ಮೊದಲು ಕೊಡಬೇಕು. ನಿಮ್ಮ ಊರುಗಳಲ್ಲಿ ಏನು ಮಾಡಿದ್ದೀರಿ, ಹೇಳಿ.

ತೆಂಗಿನತೋಟ, ತಿಪಟೂರು

ಅಕ್ಕ, ನಮ್ಮೂರಲ್ಲಿ ಎತ್ತು ಪೂರ್ತಿ ನಿಂತು ಹೋಗಿದೆ. ಯುಗಾದಿ ದಿನ ಟ್ರ್ಯಾಕ್ಟರ್ ತೊಳೆದು, ಮಾವಿನ ತೋರಣ ಕಟ್ಟಿ, ಅದರಲ್ಲೇ ಒಂದು ಸುತ್ತು ಹೊಡೆಯುತ್ತೇವೆ. ನೆಲಕ್ಕೆ ಪೂಜೆ ಆಯಿತು, ಮೊದಲ ಉಳುಮೆ ಆಯಿತು. ಎತ್ತು ಇಲ್ಲ ಅಂತ ಹಬ್ಬ ನಿಲ್ಲಿಸೋಕೆ ಆಗುತ್ತಾ? ಬೇಸಾಯ ಯಾವುದರಲ್ಲಿ ನಡೆಯುತ್ತದೋ ಅದಕ್ಕೇ ಪೂಜೆ ಮಾಡೋದು ನ್ಯಾಯ.

ನಿವೃತ್ತ ಮೇಷ್ಟ್ರು, ಅರಕಲಗೂಡು

ತಿಪಟೂರಿನವರೇ, ಟ್ರ್ಯಾಕ್ಟರ್ ಬೇಡ ಅಂತ ನಾನು ಹೇಳುವುದಿಲ್ಲ. ನಮ್ಮ ಹೊಲವನ್ನೂ ಅದೇ ಉಳುತ್ತದೆ. ಆದರೆ ಅದಕ್ಕೆ ಆಯುಧಪೂಜೆ ಇದೆ. ಹೊನ್ನಾರು ಎತ್ತಿನ ಹಬ್ಬ, ಮತ್ತು ಊರು ಒಟ್ಟಿಗೆ ನಡೆದು ಹೋಗುವ ಹಬ್ಬ. ಟ್ರ್ಯಾಕ್ಟರ್ ಹಿಂದೆ ಯಾರೂ ನಡೆಯುವುದಿಲ್ಲ. ಎತ್ತಿನ ಹಿಂದೆ ಮುದುಕರೂ ಮಕ್ಕಳೂ ನಡೆಯಬಹುದು.

ಇನ್ನೊಂದು ವಿಷಯ. ಹೊನ್ನಾರು ಬರೀ ಶಾಸ್ತ್ರ ಅಂತ ತಿಳಿಯಬೇಡಿ. ಯುಗಾದಿ ಆದ ಮೇಲೆ ಏಪ್ರಿಲ್ ನಡುವಿಗೆ ಅಶ್ವಿನಿ ಮಳೆ, ತಿಂಗಳ ಕೊನೆಗೆ ಭರಣಿ. ಭರಣಿ ಬಂದರೆ ಧರಣಿ ಬೆಳೆ ಅಂತ ನಮ್ಮ ಹಿರಿಯರು ಕಾಯುತ್ತಿದ್ದರು. ಆ ಮಳೆ ಬೀಳುವ ಮೊದಲು ನೆಲ ಒಮ್ಮೆ ಬಾಯಿ ಬಿಟ್ಟಿರಬೇಕು. ಗಟ್ಟಿ ನೆಲದ ಮೇಲೆ ಬಿದ್ದ ಬೇಸಿಗೆ ಮಳೆ ಹರಿದು ಹಳ್ಳ ಸೇರುತ್ತದೆ, ಜೊತೆಗೆ ಮೇಲ್ಮಣ್ಣನ್ನೂ ಕೊಂಡೊಯ್ಯುತ್ತದೆ. ಉತ್ತ ನೆಲ ಅದನ್ನು ಕುಡಿಯುತ್ತದೆ. ಮಣ್ಣಿನ ಒಳಗೆ ಕೋಶ ಕಟ್ಟಿ ಮಲಗಿರುವ ಹುಳುಗಳು ಮೇಲೆ ಬಿದ್ದು ಬಿಸಿಲಿಗೆ ಸಾಯುತ್ತವೆ, ಕೊಕ್ಕರೆ, ಮೈನಾ ಹಕ್ಕಿ ಬಂದು ಹೆಕ್ಕುತ್ತವೆ. ಕಳೆಯ ಬೇರು ಒಣಗುತ್ತದೆ. ಆ ತೇವದಲ್ಲೇ ಎಳ್ಳು, ಅಲಸಂದೆ, ಹೆಸರು ಹಾಕಿ, ಅದು ಕಿತ್ತ ಮೇಲೆ ರಾಗಿ ಬಿತ್ತುತ್ತಿದ್ದೆವು. ಹಬ್ಬದ ದಿನ ಒಂದು ಸಾಲು ಉತ್ತರೆ ಅದೇನೂ ಸಾಲದು, ನಿಜ. ಆದರೆ ಆರು ಹೊರಗೆ ಬಂತು, ಗುಳ ಕುಲುಮೆಗೆ ಹೋಗಿ ಹರಿತವಾಗಿ ಬಂತು, ಮಿಣಿ ಹೊಸದಾಯಿತು, ಎತ್ತಿನ ಹೆಗಲು ನೊಗಕ್ಕೆ ಮತ್ತೆ ಒಗ್ಗಿತು. ಮಳೆ ಬಂದ ದಿನ ಹುಡುಕಾಡುವ ಹಾಗಿಲ್ಲ. ಹಬ್ಬದ ಹೆಸರಲ್ಲಿ ಸಿದ್ಧತೆ ಮುಗಿಯುತ್ತಿತ್ತು.

ಹಾಲಿನ ಡೇರಿ, ಪಾಂಡವಪುರ

ಎತ್ತು ಯಾಕೆ ಹೋಯಿತು ಅಂತ ಮೊದಲು ನೇರವಾಗಿ ಮಾತಾಡೋಣ. ಇಲ್ಲದಿದ್ದರೆ ಬರೀ ಬೇಜಾರು ಮಾಡಿಕೊಂಡು ಕೂರುತ್ತೇವೆ.

ನಮ್ಮ ಕೊಟ್ಟಿಗೆಯಲ್ಲಿ ಎತ್ತು ಕಟ್ಟುತ್ತಿದ್ದ ಗೂಟದಲ್ಲಿ ಈಗ ಹೆಚ್ಚು ಹಾಲು ಕೊಡುವ ಎಚ್‌ಎಫ್ ಹಸು ಇದೆ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹೋಗುತ್ತದೆ, ಬಟವಾಡೆ ಕೈಗೆ ಬರುತ್ತದೆ, ಮಕ್ಕಳ ಫೀಸು ಅದರಲ್ಲೇ ನಡೆಯುತ್ತದೆ. ಎತ್ತು ದುಡಿಯುವುದು ವರ್ಷದಲ್ಲಿ ಕೆಲವೇ ವಾರ, ತಿನ್ನುವುದು ವರ್ಷವೆಲ್ಲ. ಒಂದು ಎತ್ತಿಗೆ ದಿನಕ್ಕೆ 6ರಿಂದ 8 ಕೆಜಿ ಒಣಹುಲ್ಲು ಬೇಕು, ಹಸಿಮೇವು, ಹುರುಳಿ, ಹಿಂಡಿ ಬೇರೆ. ಒಂದು ಜೊತೆಗೆ ವರ್ಷಕ್ಕೆ ಹತ್ತಿರ ಹತ್ತಿರ 5 ಟನ್ ಒಣಹುಲ್ಲು ಅಂತಿಟ್ಟುಕೊಳ್ಳಿ. ಒಳ್ಳೆ ಮಳೆಯಾದ ವರ್ಷ ಒಂದು ಎಕರೆ ರಾಗಿಯಲ್ಲಿ ಒಂದೂವರೆ ಟನ್ ಹುಲ್ಲು ಸಿಕ್ಕಬಹುದು. ಅಂದರೆ ಮೂರು ನಾಲ್ಕು ಎಕರೆ ಹುಲ್ಲು ಒಂದು ಜೊತೆಗೇ ಆಯಿತು. ರಾಗಿ ಬಿಟ್ಟು ಕಬ್ಬು, ತೆಂಗು, ಅಡಿಕೆ ಹಾಕಿದವನು ಹುಲ್ಲು ಎಲ್ಲಿಂದ ತರಬೇಕು? ಕಟಾವು ಮೆಷಿನ್ ಬಂದ ಮೇಲೆ ಎಷ್ಟೋ ಹುಲ್ಲು ಪುಡಿಯಾಗಿ ಹೊಲದಲ್ಲೇ ಉಳಿಯುತ್ತದೆ.

ಜಾತ್ರೆಗಳ ಕಥೆಯೂ ಹಾಗೆಯೇ. ಘಾಟಿ ಸುಬ್ರಹ್ಮಣ್ಯ, ಮುಡುಕುತೊರೆ, ಹೇಮಗಿರಿ, ಸಿದ್ಧಗಂಗೆ ದನಗಳ ಜಾತ್ರೆ ಅಂದರೆ ನಮ್ಮ ಕಡೆ ವರ್ಷದ ವ್ಯಾಪಾರ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ದನಗಳ ಜಾತ್ರೆ, ಸಂತೆ ನಿಲ್ಲಿಸಿದರು. ನಿಲ್ಲಿಸಲೇಬೇಕಿತ್ತು, ರೋಗ ಹಾಗೆ ಹರಡುತ್ತಿತ್ತು. ಆದರೆ ಆ ಏಟಿಗೆ ಕೈ ಬಿಟ್ಟವರು ಎಷ್ಟೋ ಜನ ಮತ್ತೆ ಎತ್ತು ಕಟ್ಟಲಿಲ್ಲ. ವಯಸ್ಸಾದ ಎತ್ತು ಮಾರುವುದೂ ಈಗ ಮೊದಲಿನ ಹಾಗಿಲ್ಲ. 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಮುದಿ ಎತ್ತನ್ನು ಯಾರೂ ಕೊಳ್ಳುವುದಿಲ್ಲ. ಅದನ್ನು ಕೊನೆವರೆಗೆ ಸಾಕುವುದು ಒಳ್ಳೆಯದೇ, ನಮಗೂ ಪ್ರೀತಿ ಇದೆ. ಆದರೆ ಮುದಿ ಜೊತೆಗೂ ಹೊಸ ಜೊತೆಗೂ ಒಟ್ಟಿಗೆ ಹುಲ್ಲು ಹಾಕುವ ಶಕ್ತಿ ಎರಡು ಎಕರೆಯವನಿಗೆ ಇಲ್ಲ.

ಹೊಲದಮನೆ ಅಕ್ಕ ಹೇಳಿದ ಮೇವಿನ ಮಾತಿಗೆ ನನ್ನ ಒಪ್ಪಿಗೆ ಇದೆ. ಬರೀ ಸನ್ಮಾನ ಮಾಡಿ ಶಾಲು ಹೊದಿಸುವುದು ಬೇಡ. ಹುಲ್ಲು ಕೊಡಿ.

ಎರೆಹೊಲ, ಗದಗ

ನಮ್ಮ ಕಡೆ ಹೊನ್ನಾರು ಅನ್ನೋ ಹೆಸರಿಲ್ಲ. ಎತ್ತಿನ ದೊಡ್ಡ ಹಬ್ಬ ಅಂದರೆ ಕಾರಹುಣ್ಣಿಮೆ, ಈ ವರ್ಷ ಜೂನ್‌ನಲ್ಲಿ ಬರುತ್ತದೆ. ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಸಂಜೆ ಎತ್ತು ಓಡಿಸಿ ಕರಿ ಹರಿಯೋದು. ಯುಗಾದಿಗೆ ನಾವು ಬೇವು ಕುಡಿಯುತ್ತೇವೆ. ನಿಮ್ಮ ಹಾಗೆ ಚಿಟಿಕೆ ಬೇವು ಬೆಲ್ಲ ಅಲ್ಲ. ಬೆಲ್ಲದ ನೀರಿಗೆ ಬೇವಿನ ಹೂ, ಮಾವಿನಕಾಯಿ, ಪುಟಾಣಿ ಹಿಟ್ಟು, ಗೋಡಂಬಿ, ದ್ರಾಕ್ಷಿ ಎಲ್ಲ ಹಾಕಿ ಲೋಟ ತುಂಬ ಕೊಡುತ್ತಾರೆ. ಬಂದವರಿಗೆಲ್ಲ ಕೊಡಬೇಕು, ಬೇಡ ಅನ್ನೋ ಹಾಗಿಲ್ಲ.

ಯುಗಾದಿ ನಮಗೆ ಲೆಕ್ಕದ ಹಬ್ಬವೂ ಹೌದು. ಹೊಲದ ಲಾವಣಿ (ಗುತ್ತಿಗೆ) ಯುಗಾದಿಯಿಂದ ಯುಗಾದಿಗೆ. ವರ್ಷದ ಆಳಿನ ಮಾತುಕತೆಯೂ ಅವತ್ತೇ ಮುಗಿಯುತ್ತದೆ. ಈ ಸಲ ನಮ್ಮ ಅಣ್ಣತಮ್ಮಂದಿರೆಲ್ಲ ಸೇರಿದ್ದರಿಂದ ಯಾರ ಪಾಲಿನ ಹೊಲ ಯಾರು ಮಾಡಬೇಕು ಅಂತ ಒಂದೇ ಕೂತಲ್ಲಿ ತೀರ್ಮಾನ ಆಯಿತು. ಫೋನಲ್ಲಿ ಎರಡು ವರ್ಷದಿಂದ ಎಳೆದಾಡುತ್ತಿದ್ದ ವಿಷಯ. ಎದುರು ಬದುರು ಕೂತು, ನಡುವೆ ಹೋಳಿಗೆ ಇಟ್ಟುಕೊಂಡರೆ ಮಾತು ಸುಲಭ ಆಗುತ್ತದೆ.

ಬೀದಿಮನೆ, ಚಾಮರಾಜನಗರ

ಎಲ್ಲರೂ ಹೊನ್ನಾರು ಚೆಂದ ಅಂತ ಬರೆದಿದ್ದೀರಿ. ನನಗೂ ಇಷ್ಟವೇ. ಆದರೆ ಒಂದು ಮಾತು ಹೇಳಲೇಬೇಕು. ನಮ್ಮ ತಾತ, ಅಪ್ಪ ಇಬ್ಬರೂ ಹೊನ್ನಾರಿಗೆ ಹೋದವರೇ. ತಮಟೆ ಹೊಡೆಯೋಕೆ. ಮಿಣಿ, ಬಾರು ಮಾಡಿಕೊಡುತ್ತಿದ್ದವರೂ ನಮ್ಮ ಕೇರಿಯವರೇ. ಮುಂದಿನ ಆರು ಯಾರದ್ದು ಅನ್ನುವ ಪಂಚಾಂಗದ ಮಾತಿನಲ್ಲಿ ನಮ್ಮ ಕೇರಿಯ ಹೆಸರು ಒಂದು ದಿನವೂ ಬರುತ್ತಿರಲಿಲ್ಲ. ಮನೆಮನೆಯ ಪಾನಕ ನಮಗೆ ಬೇರೆ ಲೋಟದಲ್ಲಿ ಬರುತ್ತಿತ್ತು.

ಈಗ ಬೇರೆ ಲೋಟ ಇಲ್ಲ. ನಮ್ಮ ಅಣ್ಣ ಸ್ವಂತ ಜೊತೆ ಕಟ್ಟಿದ್ದಾನೆ, ಊರಿನ ಸಾಲಿನಲ್ಲಿ ಅವನ ಆರೂ ಹೋಗುತ್ತದೆ. ಆದರೆ ಕೊನೆಯಲ್ಲಿ. ಊರಲ್ಲಿ ಉಳಿದಿರುವುದೇ ಮೂರು ಜೊತೆ, ಅದರಲ್ಲೂ ನಮ್ಮದು ಕೊನೆ. ನೀವು ಊರೆಲ್ಲ ಸೇರಿ ಮೇವು ಕೊಡಬೇಕು ಅನ್ನುತ್ತೀರಿ. ಕೊಡುತ್ತೇವೆ. ಹಾಗಾದರೆ ಹೊನ್ನಾರು ಊರೆಲ್ಲರದೂ ಆಗಬೇಕು ಅಲ್ವಾ?

ಹೊಲದಮನೆ, ನಾಗಮಂಗಲ

ಬೀದಿಮನೆಯವರೇ, ಖಂಡಿತ ಆಗಬೇಕು. ನೀವು ಇದನ್ನು ಇಲ್ಲಿ ಬರೆದಿದ್ದು ಒಳ್ಳೆಯದಾಯಿತು. ನಮ್ಮೂರಿನಲ್ಲೂ ತಮಟೆಯವರಿಗೆ ದುಡ್ಡು, ಅಕ್ಕಿ ಕೊಟ್ಟು ಕಳಿಸುತ್ತಾರೆ, ಊಟಕ್ಕೆ ಕೂರಿಸುವುದಿಲ್ಲ. ಮೇವಿನ ಲೆಕ್ಕಕ್ಕೆ ಸಭೆ ಕರೆದಾಗ ಎರಡನ್ನೂ ಒಟ್ಟಿಗೇ ಇಡುತ್ತೇನೆ: ಎಲ್ಲ ಕೇರಿಯಿಂದಲೂ ಮೇವು, ಎಲ್ಲ ಕೇರಿಯ ಹೆಸರೂ ಮುಂದಿನ ಆರಿಗೆ, ಎಲ್ಲರಿಗೂ ಒಂದೇ ಪಂಕ್ತಿ. ಇದಕ್ಕೆ ಒಪ್ಪದವರು ಇದ್ದೇ ಇರುತ್ತಾರೆ. ಆದರೆ ಎತ್ತು ಉಳಿಸಲು ಎಲ್ಲರ ಕೈ ಬೇಕು ಅಂದಮೇಲೆ ಅವರು ಏನು ಹೇಳುತ್ತಾರೆ ನೋಡೋಣ.

ನಿವೃತ್ತ ಮೇಷ್ಟ್ರು, ಅರಕಲಗೂಡು

ಬೀದಿಮನೆಯವರ ಮಾತು ಸರಿ. ಪಂಚಾಂಗದಲ್ಲಿ ಹೆಸರಿನ ಅಕ್ಷರ ನೋಡುತ್ತಾರೆಯೇ ಹೊರತು ಕೇರಿ ನೋಡುವುದಿಲ್ಲ. ಕೇರಿ ಸೇರಿಸಿದ್ದು ನಾವು. ಪಟ್ಟಿಯಲ್ಲಿ ಎಲ್ಲರ ಹೆಸರು ಬರೆದು ಕೊಡಿ, ಜೋಯಿಸರು ಅದರಲ್ಲೇ ನೋಡಿ ಹೇಳುತ್ತಾರೆ.

ಮಳವಳ್ಳಿ ಮಗ, ಬೆಂಗಳೂರು

ನಾನು ಮೂರು ದಿನಕ್ಕೆ ಊರಿಗೆ ಹೋಗುವವನೇ. ಹಾಗಾಗಿ ಈ ಚರ್ಚೆ ನನಗೇ ಹೇಳಿದ ಹಾಗಿದೆ. ನಮ್ಮ ಊರಿನ ಹುಡುಗರು ಒಂದು ದಾರಿ ಕಂಡುಕೊಂಡಿದ್ದಾರೆ, ನಿಮಗೆ ಉಪಯೋಗ ಆಗಬಹುದು.

ಹೊಸತೊಡಕಿಗೆ ನಮ್ಮಲ್ಲಿ ಚೀಟಿ ಇದೆ. ಒಂದು ಯುಗಾದಿ ಮುಗಿದ ತಿಂಗಳಿಂದಲೇ ಮನೆಗೆ ಇಷ್ಟು ಅಂತ ತಿಂಗಳು ತಿಂಗಳು ಕಟ್ಟುತ್ತೇವೆ. ಹಬ್ಬಕ್ಕೆ ಮೊದಲು ಆ ದುಡ್ಡಲ್ಲಿ ಕುರಿ ತರುತ್ತಾರೆ. ಹೊಸತೊಡಕಿನ ಬೆಳಗಿನ ಜಾವ ತೋಟದಲ್ಲಿ ಬಾಳೆ ಎಲೆ ಹಾಸಿ ಮಾಂಸದ ಗುಡ್ಡೆ ಹಾಕುತ್ತಾರೆ. ಇದನ್ನು ಹತ್ತಿರದಿಂದ ನೋಡಬೇಕು. ತಕ್ಕಡಿ ಇಲ್ಲ. ಮೊದಲು ಎಲ್ಲ ಗುಡ್ಡೆಗೂ ಒಂದೊಂದು ತೊಡೆ ತುಂಡು, ಆಮೇಲೆ ಪಕ್ಕೆ, ಆಮೇಲೆ ಈಲಿ, ಬೋಟಿ, ಹೀಗೆ ಒಂದೊಂದು ಭಾಗವೂ ಎಲ್ಲ ಗುಡ್ಡೆಗೆ ಬೀಳುತ್ತದೆ. ಕೊನೆಗೆ ಒಬ್ಬ ಹಿರಿಯರು ಸುತ್ತ ನಡೆದು, ಇದರಿಂದ ಒಂದು ಚೂರು ತೆಗೆದು ಅದಕ್ಕೆ ಹಾಕಿ ಸಮ ಮಾಡುತ್ತಾರೆ. ಅಂಗಡಿ ಬೆಲೆಗಿಂತ ಇಲ್ಲಿ ಕಡಿಮೆಗೆ ಬೀಳುತ್ತದೆ, ಮಾಂಸವೂ ತಾಜಾ. ಬಡವರ ಮನೆಗೂ ಶ್ರೀಮಂತರ ಮನೆಗೂ ಒಂದೇ ಗುಡ್ಡೆ.

ಈ ವರ್ಷ ಆ ಚೀಟಿಗೇ ಎತ್ತಿನ ಪಾಲು ಸೇರಿಸಿದ್ದೇವೆ. ತಿಂಗಳ ಕಂತಿನ ಜೊತೆ ಎತ್ತಿಗೆ 50 ರೂಪಾಯಿ. ಯಾರಿಗೂ ಭಾರ ಅನ್ನಿಸುವುದಿಲ್ಲ, ಯಾರೂ ತಪ್ಪಿಸುವುದೂ ಇಲ್ಲ. ಯಾಕೆಂದರೆ ಚೀಟಿ ತಪ್ಪಿದರೆ ಗುಡ್ಡೆ ಇಲ್ಲ. ಬೇರೆ ಸಂಘ, ಬೇರೆ ರಸೀದಿ ಪುಸ್ತಕ ಏನೂ ಬೇಡ. ಇರುವ ಲೆಕ್ಕದಲ್ಲೇ ಸೇರಿಸಿ. ಬಾಡು ತಿನ್ನದ ಮನೆಯವರು ಎತ್ತಿನ ಪಾಲು ಮಾತ್ರ ಕಟ್ಟುತ್ತಾರೆ.

ನನ್ನ ಮಗಳಿಗೆ ಒಂಬತ್ತು ವರ್ಷ. ಈ ಸಲ ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ ಎತ್ತಿನ ಹಣೆಗೆ ಕುಂಕುಮ ಇಡುವಾಗ ಮೊದಲು ಹೆದರಿದಳು. ಎತ್ತು ಅವಳ ಕೈ ನೆಕ್ಕಿತು. ನಾಲಿಗೆ ಮರಳುಕಾಗದ ಇದ್ದ ಹಾಗಿದೆ ಅಂತ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಈಗ ಆಗಾಗ ಅವಳ ತಾತನಿಗೆ ಫೋನ್ ಮಾಡಿ ಎತ್ತು ಏನು ಮಾಡುತ್ತಿದೆ ಅಂತ ಕೇಳುತ್ತಾಳೆ. ತಾತನಿಗೆ ಅದಕ್ಕಿಂತ ದೊಡ್ಡ ಖುಷಿ ಬೇರೆ ಇಲ್ಲ.

ಬಿಸು ಕಣಿ, ಬೆಳ್ತಂಗಡಿ

ನಮ್ಮ ತುಳುನಾಡಿನಲ್ಲಿ ಹೊಸ ವರ್ಷ ಬಿಸು. ಈ ಸಲ ಏಪ್ರಿಲ್ 14 ಸೋಮವಾರ, ಅಂಬೇಡ್ಕರ್ ಜಯಂತಿ ರಜೆಯೂ ಅವತ್ತೇ. ಹಾಗಾಗಿ ನಮಗೂ ಮೂರು ದಿನ ಸಿಗುತ್ತದೆ, ಮುಂಬೈಯಿಂದಲೂ ಮನೆಯವರು ಬರುತ್ತಾರೆ. ಹಿಂದಿನ ರಾತ್ರಿಯೇ ಕಣಿ ಇಡುವುದು. ಬಾಳೆ ಎಲೆಯಲ್ಲಿ ಅಕ್ಕಿ, ತೆಂಗಿನಕಾಯಿ, ತೋಟದ ಸೌತೆಕಾಯಿ, ಮಾವು, ಗೇರು ಹಣ್ಣು, ವೀಳ್ಯ ಅಡಿಕೆ, ಚಿನ್ನ, ಕನ್ನಡಿ. ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡಬೇಕು.

ಗದ್ದೆ ಇದ್ದ ಕಾಲದಲ್ಲಿ ಅವತ್ತು ಒಂದು ಮೂಲೆ ಉತ್ತು ಒಂದು ಹಿಡಿ ಭತ್ತ ಹಾಕುತ್ತಿದ್ದರು, ಕೈಬಿತ್ತ್ ಅಂತ ಅದರ ಹೆಸರು. ಈಗ ನಮ್ಮ ಗದ್ದೆಯೆಲ್ಲ ಅಡಿಕೆ ತೋಟ. ಆದರೂ ನನ್ನ ಅತ್ತೆ ಬಾವಿಕಟ್ಟೆ ಹತ್ತಿರ ಒಂದು ಚಾಪೆ ಅಗಲದ ಜಾಗ ಉಳಿಸಿದ್ದಾರೆ. ಅಲ್ಲಿ ಹಾರೆಯಲ್ಲಿ ಅಗೆದು ಭತ್ತ ಬಿತ್ತುತ್ತಾರೆ. ಎತ್ತು ಇಲ್ಲದೆ ಏನು ಮಾಡೋದು ಅಂತ ಕೇಳುವವರಿಗೆ ನಮ್ಮ ಅನುಭವ ಇದು. ಆದರೆ ನಾಲ್ಕು ಜೊತೆ ಇರುವ ನಿಮ್ಮೂರು ನಮ್ಮ ಹಾಗೆ ಹಾರೆಗೆ ಇಳಿಯುವುದು ಬೇಡ. ಇರುವಾಗಲೇ ಉಳಿಸಿಕೊಳ್ಳಿ.

ತೆಂಗಿನತೋಟ, ತಿಪಟೂರು

ಮೇಷ್ಟ್ರು ಮತ್ತು ಡೇರಿಯವರು ಬರೆದದ್ದು ಓದಿದೆ. ಟ್ರ್ಯಾಕ್ಟರ್ ಹಿಂದೆ ಯಾರೂ ನಡೆಯಲ್ಲ ಅನ್ನೋದು ನಿಜ, ನಮ್ಮೂರಲ್ಲಿ ಹತ್ತು ನಿಮಿಷಕ್ಕೆ ಮುಗಿದು ಹೋಗುತ್ತದೆ. ಒಂದು ಪ್ರಶ್ನೆ. ದುಡ್ಡು ಕೊಟ್ಟು ಎತ್ತು ಸಾಕಿದರೂ ಅವಕ್ಕೆ ಕೆಲಸ ಬೇಕಲ್ವಾ? ಕೆಲಸ ಇಲ್ಲದ ಎತ್ತು ಕೊಬ್ಬಿ ನೊಗಕ್ಕೇ ಬರುವುದಿಲ್ಲ.

ಹಾಲಿನ ಡೇರಿ, ಪಾಂಡವಪುರ

ಒಳ್ಳೆ ಪ್ರಶ್ನೆ. ಕೆಲಸ ಇದೆ, ನಾವು ಹುಡುಕುತ್ತಿಲ್ಲ ಅಷ್ಟೇ. ರಾಗಿ ಸಾಲಿನ ನಡುವೆ ಕುಂಟೆ ಹೊಡೆಯಲು ಟ್ರ್ಯಾಕ್ಟರ್ ಹೋಗುವುದಿಲ್ಲ. ಎತ್ತು ಹೋಗುತ್ತದೆ. ಕೂಲಿಯವರು ಸಿಗದೆ ಕಳೆ ತುಂಬಿ ರಾಗಿ ಹಾಳಾದವರು ಎಷ್ಟು ಜನ ಇಲ್ಲ? ಸಣ್ಣ ತೆಂಗಿನ ತೋಟದಲ್ಲಿ, ಬದುಗಳಿರುವ ತುಂಡು ಹೊಲದಲ್ಲಿ ಟ್ರ್ಯಾಕ್ಟರ್ ತಿರುಗಿಸುವುದೇ ಕಷ್ಟ. ಒಂದು ಜೊತೆ ಎತ್ತು ದಿನಕ್ಕೆ ಮುಕ್ಕಾಲು ಎಕರೆ ಉಳುತ್ತದೆ. ನಿಧಾನ, ಒಪ್ಪುತ್ತೇನೆ. ಆದರೆ ಗೊಬ್ಬರವೂ ಸಿಗುತ್ತದೆ. ಮಣ್ಣು ಒತ್ತಿಕೊಳ್ಳುವುದೂ ಕಡಿಮೆ.

ಮೇವು ಕೊಟ್ಟ ಮನೆಯವರಿಗೆ ಕುಂಟೆ ಹೊಡೆಯುವಾಗ ಮೊದಲ ಸರದಿ ಕೊಡಿ, ಬಾಡಿಗೆಯಲ್ಲಿ ಸ್ವಲ್ಪ ಬಿಡಿ. ಎತ್ತಿನವರಿಗೆ ಕೆಲಸ, ಹೊಲದವರಿಗೆ ಅನುಕೂಲ. ನಮ್ಮ ತಂದೆ ಕಾಲದಲ್ಲಿ ಒಂದೇ ಎತ್ತು ಇದ್ದವರು ಪಕ್ಕದ ಮನೆಯವರ ಒಂದು ಎತ್ತಿನ ಜೊತೆ ಸೇರಿಸಿ ಆರು ಹೂಡುತ್ತಿದ್ದರು. ಇವತ್ತು ಇವರ ಹೊಲ, ನಾಳೆ ಅವರ ಹೊಲ. ಈಗಲೂ ಇಬ್ಬರು ಸೇರಿ ಒಂದು ಜೊತೆ ಸಾಕಬಹುದು. ಹಾಲಿನ ಹಸು ಇರುವ ಮನೆಗೆ ಒಂದು ಎತ್ತು ಜಾಸ್ತಿ ಆಗುವುದಿಲ್ಲ.

ತಳಿ ಬಗ್ಗೆ ಒಂದು ಮಾತು. ಹಳ್ಳಿಕಾರನ್ನೇ ಕಟ್ಟಿ. ನಮ್ಮ ನೆಲದ್ದು, ಬಿಸಿಲು ತಡೆಯುತ್ತದೆ, ಒಣಹುಲ್ಲಿನಲ್ಲೇ ಗಟ್ಟಿಯಾಗಿರುತ್ತದೆ. ಅಮೃತಮಹಲ್ ತಳಿ ಬಂದಿದ್ದೂ ಅದರಿಂದಲೇ. 2000ನೇ ಇಸವಿಯಲ್ಲಿ ಅಂಚೆ ಇಲಾಖೆ ಹಳ್ಳಿಕಾರ್ ಚಿತ್ರದ ಅಂಚೆಚೀಟಿ ತಂದಿತ್ತು. ಅಂಚೆಚೀಟಿ ಮೇಲೆ ಇದ್ದು ಕೊಟ್ಟಿಗೆಯಲ್ಲಿ ಇಲ್ಲದಿದ್ದರೆ ನೋವಾಗುತ್ತದೆ.

ಹೊಲದಮನೆ, ನಾಗಮಂಗಲ · ಏಪ್ರಿಲ್ 9

ನಿನ್ನೆ ರಾತ್ರಿ ಅರಳಿಕಟ್ಟೆಯಲ್ಲಿ ಸಭೆ ಆಯಿತು. ಪಟ್ಟಣದವರು ವಿಡಿಯೊ ಕಾಲ್‌ನಲ್ಲಿ ಸೇರಿದರು. ಮಳವಳ್ಳಿಯವರ ಚೀಟಿ ಲೆಕ್ಕವನ್ನು ಹಾಗೇ ಓದಿ ಹೇಳಿದೆ, ಎಲ್ಲರಿಗೂ ಹಿಡಿಸಿತು. ಊರಲ್ಲಿರುವ ಮನೆಯವರು ರಾಗಿ ಹುಲ್ಲಿನಲ್ಲೇ ಕೊಡುತ್ತಾರೆ, ಹೊರಗಿರುವವರು ದುಡ್ಡಿನಲ್ಲಿ. ಎತ್ತಿನ ನಾಲ್ಕು ಮನೆಯವರಿಗೂ ಸಮ ಪಾಲು. ಮುದಿ ಜೊತೆಯನ್ನು ಮಾರುವುದು ಬೇಡ, ಅವಕ್ಕೂ ಪಾಲು ಇರಲಿ ಅಂತ ನಮ್ಮ ಅಮ್ಮ ಹೇಳಿದರು. ಅದಕ್ಕೆ ಯಾರೂ ಎದುರು ಮಾತಾಡಲಿಲ್ಲ. ಮೇವು ಕೊಟ್ಟವರಿಗೆ ಕುಂಟೆಯಲ್ಲಿ ಮೊದಲ ಸರದಿ ಅನ್ನುವುದಕ್ಕೂ ಒಪ್ಪಿದರು.

ಬೀದಿಮನೆಯವರ ವಿಷಯಕ್ಕೆ ಮಾತು ಜೋರಾಯಿತು. ಎಲ್ಲರ ಹೆಸರೂ ಜೋಯಿಸರ ಪಟ್ಟಿಗೆ ಹೋಗುವುದು ತೀರ್ಮಾನ ಆಯಿತು. ಒಂದೇ ಪಂಕ್ತಿ ಊಟಕ್ಕೆ ಮೂರು ಮನೆಯವರು ಇನ್ನೂ ಒಪ್ಪಿಲ್ಲ. ಮಿಕ್ಕವರು ಒಪ್ಪಿದ್ದೇವೆ, ಮುಂದಿನ ಯುಗಾದಿಗೆ ಅಡುಗೆ ದೇವಸ್ಥಾನದ ಮುಂದೆ ಮಾಡುತ್ತೇವೆ. ಬರುವವರು ಬರುತ್ತಾರೆ. ಮುಂದಿನ ಯುಗಾದಿ 2026ರ ಮಾರ್ಚ್ 19, ಗುರುವಾರ. ವಾರದ ನಡುವೆ ಬರುತ್ತದೆ, ರಜೆ ಈಗಲೇ ಹಾಕಿಟ್ಟುಕೊಳ್ಳಿ ಅಂತ ನಮ್ಮೂರಿನ ಗುಂಪಿಗೂ ಬರೆದಿದ್ದೇನೆ.

ಈಗ ಒಂದು ಕೆಲಸ ಉಳಿದಿದೆ. ಹೊಸ ಜೊತೆ ಬೇಕು. ಪಾಂಡವಪುರದ ಅಣ್ಣ, ನಿಮ್ಮ ಕಡೆ ಹಳ್ಳಿಕಾರ್ ಹೋರಿಕರು ಸಾಕುತ್ತಿರುವವರು ಇದ್ದರೆ ಹೇಳಿ. ಹಾಲುಹಲ್ಲು ಬಿದ್ದು ಎರಡು ಹಲ್ಲು ಆಗಿದ್ದರೆ ಸಾಕು. ಪಳಗಿಸುವುದು ದೊಡ್ಡಪ್ಪನ ಜವಾಬ್ದಾರಿ, ಹುಲ್ಲಿನ ಮೆದೆ ಆಗಲೇ ಹಾಕಿಸಿದ್ದೇವೆ.

ಹಾಲಿನ ಡೇರಿ, ಪಾಂಡವಪುರ

ಇದೆ ಅಕ್ಕ. ನಮ್ಮ ಪಕ್ಕದೂರಿನಲ್ಲಿ ಒಂದು ಜೊತೆ, ಎರಡೂ ಬೂದು ಬಣ್ಣ. ಒಂದಕ್ಕೆ ಎರಡು ಹಲ್ಲು, ಇನ್ನೊಂದು ಇನ್ನೂ ಹಲ್ಲು ಹಾಕಿಲ್ಲ. ಭಾನುವಾರ ದೊಡ್ಡಪ್ಪನವರನ್ನು ಕರೆದುಕೊಂಡು ಬನ್ನಿ. ಬೆಲೆ ಅವರೇ ಮಾತಾಡಲಿ, ಊಟ ನಮ್ಮನೆಯಲ್ಲಿ.